ಚಪ್ಪಲಿ ಡಬ್ಬದಲ್ಲಿ ಆಯುಷ್ಮಾನ್

ಮುಂಬಯಿಯ ಘಾಟ್ಕೋಪರಿನ ನಮ್ಮ ಸಂಘದ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಮೇಜು ನನ್ನದು. ಮೇಜಿನ ಮೇಲೆ ಒಂದು ಚಪ್ಪಲಿ ಡಬ್ಬ, ಡಬ್ಬದ ತುಂಬ ಗ್ರಂಥಾಲಯದ ಸೂಚಿ ಕಾರ್ಡುಗಳು. ಐದು ಇಂಚು ಅಗಲ, ಮೂರು ಇಂಚು ಎತ್ತರದ ಆ ಕಾರ್ಡುಗಳನ್ನು ನೋಡಿ ಹಳಬರು ಗುರುತು ಹಿಡಿಯುತ್ತಾರೆ, ಹುಡುಗರು ಇದೇನು ಎಂದು ಕೇಳುತ್ತಾರೆ. ಕಾಲೇಜಿನ ಗ್ರಂಥಪಾಲಕನಾಗಿ ಮೂವತ್ತು ವರ್ಷ ದುಡಿದು ಹೊರಡುವಾಗ, ಕಂಪ್ಯೂಟರ್ ಬಂದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿದ್ದ ಖಾಲಿ ಕಾರ್ಡುಗಳ ಎರಡು ಕಟ್ಟುಗಳನ್ನು ಕೇಳಿ ತಂದಿದ್ದೆ. ಅವು ವಯಸ್ಸಾದವರ ಆರೋಗ್ಯ ವಿಮೆಯ ಪದಗಳಿಗೆ ಖರ್ಚಾಗುತ್ತವೆಂದು ಆಗ ಎಣಿಸಿರಲಿಲ್ಲ.

ಶುರುವಾದದ್ದು ಒಂದು ಹೆಸರಿನಿಂದ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ತನ್ನ ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆಯಲ್ಲಿ 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯ ತೆರೆಯಿತು. ಅದರ ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ. ನೋಂದಣಿಗೆ ನೆರವಾಗಲು ನಾವು ಕೆಲವರು ಕುಳಿತಿದ್ದೆವು. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಆಯುಷ್ಯ ಕಳೆದ, ಉಡುಪಿ ಕಡೆಯ ಹಿರಿಯರೊಬ್ಬರು ಬಂದವರು ಆಧಾರ್ ಹೊರತೆಗೆಯಲೇ ಇಲ್ಲ. “ನನಗೆ ಬೇಡ, ರಾಯರೇ. ವಯ ವಂದನಾ ನನ್ನ ಹತ್ತಿರ ಆಗಲೇ ಇದೆ” ಎಂದರು. ಮುಂದಿನ ವಾರ ತೋರಿಸಿಯೂ ತೋರಿಸಿದರು: ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿದ್ದ ಎಲ್‌ಐಸಿಯ ಬಾಂಡ್. ಪ್ರಧಾನ ಮಂತ್ರಿ ವಯ ವಂದನಾ ಯೋಜನೆ. 2017ರಲ್ಲಿ ಬಂದ, 60 ದಾಟಿದವರು ಒಂದೇ ಗಂಟಿನಲ್ಲಿ ಹಣ ಇಟ್ಟು ಹತ್ತು ವರ್ಷ ಪಿಂಚಣಿ ಪಡೆಯುವ ಯೋಜನೆ ಅದು. ಹೊಸಬರಿಗೆ ಅದರ ಬಾಗಿಲು ಮುಚ್ಚಿದ್ದು 2023ರ ಮಾರ್ಚ್ 31ಕ್ಕೆ. ಆಸ್ಪತ್ರೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಸರು ಇಟ್ಟವರಿಗೆ ಹಳೆಯ ಹೆಸರು ನೆನಪಿರಲಿಲ್ಲ, ಅಷ್ಟೇ.

ಅಂದು ಸಂಜೆಯೇ ಒಂದು ಪದಪಟ್ಟಿ ಮಾಡಲು ಕುಳಿತೆ. ನಲವತ್ತು ಪದ, ಅಕಾರಾದಿ ಕ್ರಮ, ಪ್ರತಿ ಪದಕ್ಕೂ ಅಚ್ಚುಕಟ್ಟಾದ ಅರ್ಥ. ಜೆರಾಕ್ಸ್ ಮಾಡಿಸಿ ಹಂಚಿದೆ. ಮೂರನೆಯ ವಾರ ಅದೇ ಕಾಗದದಲ್ಲಿ ಕಟ್ಟಿದ ಚಕ್ಕುಲಿ ನನ್ನ ಮೇಜಿಗೆ ಬಂತು.

ತಪ್ಪು ನನ್ನದೇ. ಗ್ರಂಥಾಲಯದಲ್ಲಿ ಜೀವಮಾನವೆಲ್ಲ ಕಂಡದ್ದನ್ನೇ ಮರೆತಿದ್ದೆ: ಓದುಗ ಪುಸ್ತಕದ ಸರಿಯಾದ ಹೆಸರು ಹಿಡಿದು ಬರುವುದಿಲ್ಲ. ‘ನೀಲಿ ರಟ್ಟಿನದು’ ಎಂದು ಬರುತ್ತಾನೆ. ಇಲ್ಲಿಯೂ ಹಾಗೆಯೇ. ವಿಜಯಪುರ ಕಡೆಯ ಅಜ್ಜಿಯೊಬ್ಬರು ಬಂದು, “ತಮ್ಮಾ, ಐದು ಲಕ್ಷದ ಕಾರ್ಡು ಇಲ್ಲೇ ಮಾಡಿಕೊಡುತ್ತಾರಂತೆ, ಹೌದೇನು?” ಎಂದು ಕೇಳಿದರೆ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಎಲ್ಲಿತ್ತು? ‘ಆ’ ಅಕ್ಷರದಲ್ಲಿ ಆಯುಷ್ಮಾನ್ ಇದೆ ಎಂದು ಅವರಿಗೆ ಯಾರು ಹೇಳಬೇಕು?

ಆಮೇಲೆ ನಾಲ್ಕು ಭಾನುವಾರ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಜನ ಬಾಗಿಲು ದಾಟುತ್ತಲೇ ಆಡುವ ಮೊದಲ ಪದವನ್ನು ಬರೆದುಕೊಳ್ಳುವುದು, ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. ಐದು ಲಕ್ಷದ ಕಾರ್ಡು, ಮೋದಿ ಕಾರ್ಡು, ಮೆಡಿಕ್ಲೇಮ್, ಕೇಶರಿ ಕಾರ್ಡು, ಆಭಾ. ಮತ್ತು ಎಲ್ಲಕ್ಕಿಂತ ಹೆಚ್ಚು ಗೀಟು ಬಿದ್ದದ್ದು ‘ಜೀವನದಾಯಿ’ಗೆ. 2012ರ ಜುಲೈಯಲ್ಲಿ ಮುಂಬಯಿಯೂ ಸೇರಿ ಎಂಟು ಜಿಲ್ಲೆಗಳಲ್ಲಿ ಆರಂಭವಾದ, ಮಹಾರಾಷ್ಟ್ರ ಸರ್ಕಾರದ ರಾಜೀವ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯ ಹೆಸರು ಅದು. ಕಡಿಮೆ ಆದಾಯದ ಹಳದಿ, ಕೇಶರಿ ಪಡಿತರ ಚೀಟಿಯವರಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ. 2017ರಲ್ಲಿ ಹೆಸರು ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂದಾಯಿತು. 2024ರಿಂದ ಹೆಚ್ಚು ಆದಾಯದ ಬಿಳಿ ಚೀಟಿಯವರೂ ಒಳಗೆ ಬಂದರು, ಮೊತ್ತ ಐದು ಲಕ್ಷವಾಯಿತು. ಆದರೆ ನಮ್ಮ ಚಾಳುಗಳಲ್ಲಿ ಹೆಸರು ಬದಲಾಗಲಿಲ್ಲ, ಮೊತ್ತವೂ ಬದಲಾಗಲಿಲ್ಲ. ‘ಜೀವನದಾಯಿಯಲ್ಲಿ ಒಂದೂವರೆ ಲಕ್ಷ ಬರುತ್ತದೆ’ ಎಂದೇ ಈಗಲೂ ಮಾತು.

ಇದಕ್ಕೆ ನಮ್ಮ ಕಸುಬಿನಲ್ಲಿ ಮದ್ದಿದೆ. ‘ನೋಡಿ’ ಕಾರ್ಡು ಎನ್ನುತ್ತೇವೆ. ಜನ ಆಡುವ ಹೆಸರಿಗೊಂದು ಕಾರ್ಡು, ಅದರಲ್ಲಿ ವಿವರಣೆ ಇರಕೂಡದು, ಬೊಟ್ಟು ಮಾತ್ರ ಇರಬೇಕು. ‘ಜೀವನದಾಯಿ: ನೋಡಿ, ಮಹಾತ್ಮ ಫುಲೆ.’ ಆಡುಮಾತನ್ನು ತಿದ್ದುವ ಚಪಲ ಮೊದಲಿಗೆ ನನಗೂ ಇತ್ತು. ಬಂದವರಿಗೆ ‘ಅದು ಹಾಗಲ್ಲ, ಹೀಗೆ’ ಎಂದು ಹೇಳಿದಷ್ಟೂ ಅವರು ಮಾತು ಕಡಿಮೆ ಮಾಡುವುದನ್ನು ಕಂಡು ಬಿಟ್ಟೆ.

ಹಲವು ಹೆಸರು, ಒಂದೇ ವಸ್ತು ಎಂಬುದು ಸುಲಭದ ತೊಡಕು. ಒಂದೇ ಹೆಸರು, ಹಲವು ವಸ್ತು ಎಂಬುದೇ ಗಂಟು. ‘ಕಾರ್ಡು’ ಎಂಬ ಪದವೊಂದಕ್ಕೇ ನಾನು ಐದು ಕಾರ್ಡು ಬರೆದಿದ್ದೇನೆ: ಪಡಿತರದ್ದು, ಆಧಾರ್, ಆಯುಷ್ಮಾನ್, ಖಾಸಗಿ ವಿಮೆಯದ್ದು, ಆಭಾ. ಕೊನೆಯದು ತುಂಬ ಕಾಡಿದ್ದು. ಆಭಾ ಎಂದರೆ ಹದಿನಾಲ್ಕು ಅಂಕಿಯ ಆರೋಗ್ಯ ಖಾತೆಯ ಸಂಖ್ಯೆ. ವರದಿ, ಔಷಧ ಚೀಟಿಗಳನ್ನು ಒಂದೆಡೆ ಜೋಡಿಸಲು ಇರುವುದು. ಅದರಲ್ಲಿ ಒಂದು ಪೈಸೆಯ ರಕ್ಷಣೆಯೂ ಇಲ್ಲ. ಅದರ ಪೂರ್ತಿ ಹೆಸರಿನಲ್ಲಿಯೂ ‘ಆಯುಷ್ಮಾನ್ ಭಾರತ್’ ಇರುವುದರಿಂದ, ಮೊಮ್ಮಕ್ಕಳು ಮೊಬೈಲಿನಲ್ಲಿ ಆಭಾ ಮಾಡಿಕೊಟ್ಟು ‘ನಿಮ್ಮ ಆಯುಷ್ಮಾನ್ ಆಯಿತು ಅಜ್ಜ’ ಎಂದು ಹೇಳಿಬಿಟ್ಟಿರುತ್ತಾರೆ. ಅಂಥ ಎಷ್ಟು ಮಂದಿ ಅಜ್ಜಂದಿರು ನೆಮ್ಮದಿಯಾಗಿ ಮನೆಯಲ್ಲಿ ಕುಳಿತಿದ್ದಾರೋ!

‘ಟಾಪ್‌ಅಪ್’ ಇನ್ನೊಂದು. ಖಾಸಗಿ ವಿಮೆಯಲ್ಲಿ ಟಾಪ್‌ಅಪ್ ಎಂದರೆ ಬಿಲ್ಲು ನಿಗದಿಯಾದ ಮೊತ್ತ ದಾಟಿದ ಮೇಲಷ್ಟೇ ಬಾಯಿ ತೆರೆಯುವ ಪಾಲಿಸಿ. ಸರ್ಕಾರದ ಯೋಜನೆಯಲ್ಲಿ ಅದೇ ಪದಕ್ಕೆ ಅರ್ಥ ಬೇರೆ: ಮನೆಯವರು ಮೊದಲೇ ಆಯುಷ್ಮಾನ್ ಫಲಾನುಭವಿಗಳಾಗಿದ್ದರೆ, ಆ ಮನೆಯ 70 ದಾಟಿದವರಿಗೆಂದೇ ಇನ್ನೊಂದು ಐದು ಲಕ್ಷ, ಮಗ, ಸೊಸೆ ಅದನ್ನು ಮುಟ್ಟುವಂತಿಲ್ಲ. ಯಾವ ಮಿತಿಯನ್ನೂ ದಾಟಿ ಬರಬೇಕಾಗಿಲ್ಲ. ನಿವೃತ್ತ ಬ್ಯಾಂಕ್ ನೌಕರರೊಬ್ಬರು, ತಿಳಿದವರು, ಮೊದಲ ಅರ್ಥವನ್ನು ಎರಡನೆಯದಕ್ಕೆ ತೊಡಿಸಿ ‘ಮೊದಲು ನಾವೇ ಐದು ಲಕ್ಷ ಖರ್ಚು ಮಾಡಬೇಕು’ ಎಂದು ಇಡೀ ಕಟ್ಟಡಕ್ಕೆ ವಿವರಿಸಿದ್ದರು. ಏನೂ ತಿಳಿಯದವರಿಂದ ಇಷ್ಟು ಕೆಲಸ ಕೆಡುವುದಿಲ್ಲ. ಈಗ ಡಬ್ಬದಲ್ಲಿ ‘ಟಾಪ್‌ಅಪ್ (ಖಾಸಗಿ)’, ‘ಟಾಪ್‌ಅಪ್ (ಸರ್ಕಾರಿ)’ ಎಂದು ಎರಡು ಕಾರ್ಡು, ಎರಡು ಬಣ್ಣದ ಶಾಯಿ.

‘ಕುಟುಂಬ’ ಎಂಬ ಕಾರ್ಡನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ. ಪಡಿತರ ಚೀಟಿಯ ಕುಟುಂಬವೇ ಬೇರೆ, ಪಾಲಿಸಿಯ ಕುಟುಂಬವೇ ಬೇರೆ, ಊಟಕ್ಕೆ ಕುಳಿತಾಗಿನ ಕುಟುಂಬ ಇನ್ನೂ ಬೇರೆ. ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ವಯ ವಂದನಾ ಕಾರ್ಡು ಇಬ್ಬರಿಗೂ ಪ್ರತ್ಯೇಕ. ಆದರೆ ಐದು ಲಕ್ಷ ಇಬ್ಬರಿಗೂ ಸೇರಿ. ಕಾರ್ಡು ಎರಡು, ಗಂಟು ಒಂದು. ಇದನ್ನು ಹೇಳಿದಾಗ ಒಬ್ಬ ಅಮ್ಮ ಗಂಡನ ಕಡೆ ತಿರುಗಿ, “ಹಾಗಾದರೆ ನಿಮ್ಮ ಮೊಣಕಾಲು ಮುಂದಿನ ವರ್ಷಕ್ಕೆ” ಎಂದರು. ಆ ಅಮ್ಮನದು ಹೃದಯದ ತೊಂದರೆ.

‘ಹಿರಿಯ ನಾಗರಿಕ’ ಎಂಬ ಕಾರ್ಡಿನಲ್ಲಿ ಅಂಕಿಗಳೇ ತುಂಬಿವೆ. ಪೋಷಕರ ಪಾಲನೆಯ 2007ರ ಕಾಯ್ದೆಗೆ 60, ಆದಾಯ ತೆರಿಗೆಗೂ 60. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ 65ಕ್ಕೆ ಅರ್ಧ ಟಿಕೆಟ್, 75 ದಾಟಿದರೆ ಪುಕ್ಕಟೆ. ವಯ ವಂದನಾಗೆ 70, ಅದೂ ಆಧಾರಿನಲ್ಲಿರುವ ವಯಸ್ಸಿನ ಪ್ರಕಾರ. ನನಗೆ ಇನ್ನೂ 68; ಮಾಡಿಸಿಕೊಡುವವನ ಹತ್ತಿರವೇ ಕಾರ್ಡಿಲ್ಲ ಎಂದು ಸಂಘದಲ್ಲಿ ನಗುತ್ತಾರೆ.

ಕಾರ್ಡುಗಳು ನೂರು ದಾಟಿದಾಗ ಜೋಡಿಸುವ ಪ್ರಶ್ನೆ ಬಂತು. ಅಕಾರಾದಿ ಒಮ್ಮೆ ಕೆಟ್ಟಿತ್ತು. ಯೋಜನೆವಾರು ಇಟ್ಟು ನೋಡಿದೆ: ಕೇಂದ್ರ, ರಾಜ್ಯ, ಕೇಂದ್ರ ನೌಕರರ ಮತ್ತು ಪಿಂಚಣಿದಾರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಖಾಸಗಿ. ಚೆನ್ನಾಗಿ ಕಂಡಿತು, ನನಗೆ ಮಾತ್ರ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಪುಸ್ತಕ ವರ್ಗೀಕರಣ ಕಲಿತವನು ನಾನು. ಯಾವುದೇ ವಿಷಯವನ್ನು ಐದು ಮುಖಗಳಾಗಿ ಬಿಡಿಸಬಹುದು, ಕೊನೆಯ ಮುಖ ಕಾಲ ಎಂಬುದು ಅವರ ಪದ್ಧತಿ. ಪುಸ್ತಕ ಜೋಡಿಸುವಾಗ ಕಾಲಕ್ಕೆ ಕೊನೆಯ ಮಣೆ. ಕಾಯಿಲೆಯ ಮನೆಯಲ್ಲಿ ಅದೇ ಮೊದಲು ಎಂದು ಹೊಳೆದದ್ದು ತಡವಾಗಿ. ಡಬ್ಬಕ್ಕೆ ರಟ್ಟಿನ ನಾಲ್ಕು ಅಡ್ಡಗೋಡೆ ಹಾಕಿದೆ: ‘ಮನೆಯಲ್ಲಿರುವಾಗ’, ‘ಆಸ್ಪತ್ರೆಯ ಬಾಗಿಲಲ್ಲಿ’, ‘ಹಾಸಿಗೆಯಲ್ಲಿ’, ‘ಮನೆಗೆ ಬಿಡುವಾಗ’. ಜನ ತಾವಾಗಿ ಡಬ್ಬಕ್ಕೆ ಕೈ ಹಾಕತೊಡಗಿದ್ದು ಇದಾದ ಮೇಲೆ.

ಮೊದಲ ವಿಭಾಗ ದಪ್ಪ. ಕೇಂದ್ರ ಸರ್ಕಾರದ ಪಿಂಚಣಿದಾರರು ಸಿಜಿಎಚ್‌ಎಸ್ ಮತ್ತು ವಯ ವಂದನಾಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದು ಅಲ್ಲಿದೆ; ಖಾಸಗಿ ಪಾಲಿಸಿ ಇದ್ದವರು ಅದನ್ನು ಬಿಡಬೇಕಾಗಿಲ್ಲ ಎಂಬುದೂ ಇದೆ. ಇವೆರಡನ್ನೂ ಜನ ಅದಲುಬದಲು ಮಾಡಿಕೊಳ್ಳುತ್ತಾರೆ. ‘ಕಂತು’ ಎಂಬ ಕಾರ್ಡಿನಲ್ಲಿ ಒಂದೇ ಸಾಲು: ಕಟ್ಟಬೇಕಾಗಿಲ್ಲ, ನೋಂದಣಿಗೂ ಹಣವಿಲ್ಲ, ಯಾರಾದರೂ ಕೇಳಿದರೆ ಎದ್ದು ಬನ್ನಿ. ‘ಹಳೆಯ ಕಾಯಿಲೆ’ ಎಂಬಲ್ಲಿ: ಮೊದಲ ದಿನದಿಂದಲೇ ಸೇರಿದೆ, ಕಾಯಬೇಕಾಗಿಲ್ಲ. ಮೆಡಿಕ್ಲೇಮಿನಲ್ಲಿ ವರ್ಷಗಟ್ಟಲೆ ಕಾದವರು ಇದನ್ನು ನಂಬುವುದೇ ಇಲ್ಲ.

‘ಬಾಗಿಲಲ್ಲಿ’ ಎಂಬ ವಿಭಾಗ ಕಲಿಸಿದ್ದು ಒಂದು ಪೆಟ್ಟಿನಿಂದ. ಪಟ್ಟಿಯಲ್ಲಿ ಹೆಸರಿರುವ ಆಸ್ಪತ್ರೆಗೇ ಹೋಗಿ ಎಂದು ಹೃದಯದ ತೊಂದರೆಯಿದ್ದ ಒಬ್ಬರನ್ನು ಕಳಿಸಿದ್ದೆ. ಪಟ್ಟಿಯಲ್ಲಿ ಹೆಸರು ಇದ್ದದ್ದು ನಿಜ, ಆದರೆ ಆ ಆಸ್ಪತ್ರೆ ಯೋಜನೆಗೆ ಸೇರಿದ್ದು ಬೇರೆ ಕೆಲವು ವಿಭಾಗಗಳಿಗೆ, ಹೃದಯಕ್ಕಲ್ಲ. ಮಳೆಯಲ್ಲಿ ಎರಡು ಟ್ಯಾಕ್ಸಿ ಬದಲಿಸಿ ಹೋದವರು ಹಾಗೆಯೇ ಹಿಂದಿರುಗಿದರು. ‘ಸೇರಿದ ಆಸ್ಪತ್ರೆ’ ಎಂಬ ಕಾರ್ಡಿನಲ್ಲಿ ಈಗ ‘ಯಾವುದಕ್ಕೆ ಸೇರಿದ್ದು?’ ಎಂಬ ಪ್ರಶ್ನೆ ಕೆಂಪಿನಲ್ಲಿದೆ, ಕೆಳಗೆ ಸಹಾಯವಾಣಿ 14555. ಅದರ ಬೆನ್ನಿಗೇ ‘ಆರೋಗ್ಯಮಿತ್ರ’. ಈ ಪದ ಕೇಳಿ ಡಾಕ್ಟರರೆಂದೋ ಸಮಾಜಸೇವಕರೆಂದೋ ತಿಳಿಯುವವರೇ ಹೆಚ್ಚು. ಆಸ್ಪತ್ರೆಯೊಳಗೆ ಯೋಜನೆಯ ಮೇಜಿನಲ್ಲಿ ಕೂರುವವರು ಅವರು. ಮೊದಲು ಅವರನ್ನು ಕಾಣಬೇಕು, ಬಿಲ್ ಕೌಂಟರನ್ನಲ್ಲ.

ಕನ್ನಡದ ಪದ ಯಾವುದು ಎಂಬ ಜಗಳವೂ ನಡೆಯಿತು. ಸಂಘದ ಸಾಹಿತ್ಯಾಸಕ್ತರೊಬ್ಬರು ‘ಪೂರ್ವಾನುಮತಿ’, ‘ನಗದುರಹಿತ’, ‘ಸಹಪಾವತಿ’ ಎಂದು ಬರೆದುಕೊಟ್ಟರು. ಒಳ್ಳೆಯ ಪದಗಳೇ. ಆದರೆ ಇಲ್ಲಿನ ಕೌಂಟರಿನಲ್ಲಿ ಕಿವಿಗೆ ಬೀಳುವುದು ‘ಪ್ರೀ-ಆಥ್ ಆಲಾ ನಾಹೀ’ ಎಂಬ ಮರಾಠಿ. ಆ ಸದ್ದನ್ನು ಗುರುತಿಸಬೇಕಾದವಳು ನಮ್ಮ ಅಜ್ಜಿ. ಆದ್ದರಿಂದ ಕಾರ್ಡಿನ ತಲೆಯಲ್ಲಿ ಕಿವಿಗೆ ಬೀಳುವ ಪದ, ಹೊಟ್ಟೆಯಲ್ಲಿ ಕನ್ನಡದ ಅರ್ಥ: ‘ಪ್ರೀ-ಆಥ್: ಈ ಚಿಕಿತ್ಸೆ ಮಾಡಬಹುದೆಂದು ಯೋಜನೆಯವರು ಆಸ್ಪತ್ರೆಗೆ ಕೊಡುವ ಒಪ್ಪಿಗೆ. ಬಂದಿಲ್ಲ ಎಂದರೆ ಇಲ್ಲ ಎಂದಲ್ಲ, ಇನ್ನೂ ಬರಬೇಕು ಎಂದು.’ ‘ಸಹಪಾವತಿ’, ಅಂದರೆ ಬಿಲ್ಲಿನಲ್ಲಿ ರೋಗಿಯೂ ಒಂದು ಪಾಲು ಕಟ್ಟುವುದು, ಎಂಬುದನ್ನು ಈ ಡಬ್ಬದಿಂದಲೇ ತೆಗೆದೆ, ಈ ಯೋಜನೆಯಲ್ಲಿ ಅದು ಇಲ್ಲವೇ ಇಲ್ಲ. ‘ಅಡ್ಮಿಟ್’ ಮಾತ್ರ ಈಗಲೂ ಸತಾಯಿಸುತ್ತದೆ. ಹೊರರೋಗಿಯಾಗಿ ತೋರಿಸಿಕೊಂಡು ಬಂದರೆ ಯೋಜನೆ ಅನ್ವಯಿಸುವುದಿಲ್ಲ. ಆದರೆ ಡಯಾಲಿಸಿಸ್, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳಿಗೆ ರಾತ್ರಿ ಮಲಗದಿದ್ದರೂ ಲೆಕ್ಕಕ್ಕೆ ಅಡ್ಮಿಟ್. ನಮ್ಮವರ ಕನ್ನಡದಲ್ಲಿ ಅಡ್ಮಿಟ್ ಎಂದರೆ ಚಾಪೆ, ಫ್ಲಾಸ್ಕು ಸಮೇತ.

ನಾಲ್ಕನೆಯ ವಿಭಾಗಕ್ಕೆ ಆ ಹೆಸರು ಕೊಟ್ಟದ್ದು ವಿಜಯಪುರ ಕಡೆಯ ಅಜ್ಜಿಯೇ. ನಾನು ‘ಬಿಡುಗಡೆ’ ಎಂದು ಬರೆದಿದ್ದೆ. “ಜೈಲೇನು?” ಎಂದರು. ಕೇಂದ್ರದ ಯೋಜನೆಯಲ್ಲಿ ಮನೆಗೆ ಬಿಟ್ಟ ಮೇಲೂ 15 ದಿನದ ಔಷಧ ಸೇರಿದೆ ಎಂಬ ಕಾರ್ಡು ಅಲ್ಲಿದೆ. ಅವರ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಅದನ್ನೇ ಕೇಳಿ ಒಯ್ದರು. ಸೂಚಿ ಕಾರ್ಡು ಹೊರಗೆ ಕೊಡಬಾರದು ಎಂಬುದು ನನ್ನ ಮೂವತ್ತು ವರ್ಷದ ನಿಯಮ. ಕೊಟ್ಟೆ. ಎರಡು ವಾರದ ಮೇಲೆ ಅರಿಶಿನದ ಕಲೆ ಹೊತ್ತು ಹಿಂದಿರುಗಿತು. ನನ್ನ ಕನ್ನಡದ ಕೆಳಗೆ ಆರೋಗ್ಯಮಿತ್ರರ ಕೈಬರಹದಲ್ಲಿ ಅದೇ ಸಾಲು ಮರಾಠಿಯಲ್ಲಿತ್ತು. ಈಗ ಹೊಸ ಕಾರ್ಡುಗಳಲ್ಲಿ ಕೆಳಗಿನ ಅರ್ಧವನ್ನು ಖಾಲಿ ಬಿಡುತ್ತಿದ್ದೇನೆ, ಪ್ರತಿಯೊಂದನ್ನೂ ಎರಡೆರಡು ಬರೆಯುತ್ತಿದ್ದೇನೆ. ಮನೆಗೆ ತಂದಿದ್ದ ಎರಡನೆಯ ಕಟ್ಟು ಮುಗಿಯುತ್ತ ಬಂತು.