ಪೇಟೆ ಮನೆಯ ಹಿತ್ತಲಲ್ಲಿ ಕೋಳಿ: ಅನುಮತಿ ಪಡೆಯುವುದು ಹೇಗೆ?

ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಹೊತ್ತಿಗೆ, ನಮ್ಮ ಮನೆಗೊಂದು ನೋಟಿಸ್ ಬಂತು. ಏಳು ದಿನದೊಳಗೆ ಕೋಳಿ ತೆಗೆಯಬೇಕು, ಇಲ್ಲದಿದ್ದರೆ ದಂಡ. ಹಿತ್ತಲಲ್ಲಿ ಇದ್ದದ್ದು ಐದು ಹೇಂಟೆ, ಒಂದು ಹುಂಜ. ನಾವಿರುವುದು ಕೊಡಗಿನ ಒಂದು ಸಣ್ಣ ಪೇಟೆಯ ಬಡಾವಣೆಯಲ್ಲಿ. ಬೇಲಿಯಾಚೆ ಕಾಫಿ ತೋಟ, ಅಲ್ಲಿನ ಕೆಲಸಗಾರರ ಲೈನ್ ಮನೆಗಳ ಮುಂದೆ ಕೋಳಿಗಳು ಆರಾಮಾಗಿ ಕೆದರಿಕೊಂಡಿರುತ್ತವೆ. ಬೇಲಿಯ ಈಚೆಗೆ ಮಾತ್ರ ಅದು ತಪ್ಪು. ಸಿಟ್ಟು ಬಂದು ಕಚೇರಿಗೆ ಹೋಗಿ ಜೋರಾಗಿ ಮಾತಾಡಿದೆ, ಏನೂ ಆಗಲಿಲ್ಲ. ಕೊನೆಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು, ಅದಕ್ಕೆ ಎಂಟು ತಿಂಗಳು ಬೇಕಾಯಿತು. ಈ ಓಡಾಟದಲ್ಲಿ ನನಗೆ ತಿಳಿದದ್ದು ಇಷ್ಟು: ಕಚೇರಿಯವರು ಹೆದರುವುದು ಪಕ್ಕದ ಮನೆಯವರ ದೂರಿಗೆ. ಆ ದೂರು ಹುಟ್ಟದ ಹಾಗೆ ಮಾಡಿಕೊಂಡು, ಷರತ್ತುಗಳನ್ನು ನಾವೇ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ನೋಟಿಸ್ ಬಂದಿದ್ದರೆ ಮೊದಲು ಅದಕ್ಕೆ ಉತ್ತರ ಬರೆಯಿರಿ

ಸುಮ್ನೆ ಬಿಡಬೇಡಿ. ಬಾಯಿಮಾತಿಗೆ ಹೋಗಿ ಬಂದರೆ ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ಪುಟ ಸಾಕು. ದೂರು ಯಾವುದರ ಬಗ್ಗೆ, ವಾಸನೆಯೋ ಸದ್ದೋ, ಯಾವ ನಿಯಮದ ಪ್ರಕಾರ ನೋಟಿಸ್ ಕೊಟ್ಟಿದ್ದೀರಿ, ಸರಿ ಮಾಡಿಕೊಳ್ಳಲು ಒಂದು ತಿಂಗಳು ಸಮಯ ಕೊಡಿ ಎಂದು ಕೇಳಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.

ನಿಮ್ಮ ಮನೆ ಯಾರ ವ್ಯಾಪ್ತಿಯಲ್ಲಿದೆ ಎನ್ನುವುದೂ ಮುಖ್ಯ. ಮಡಿಕೇರಿಯಲ್ಲಿ ನಗರಸಭೆ, ಅಲ್ಲಿ ಅರ್ಜಿ ಹೋಗುವುದು ಪೌರಾಯುಕ್ತರಿಗೆ. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ. ಇವೆಲ್ಲ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಪೇಟೆ ಅಂಚಿನ ಎಷ್ಟೋ ಬಡಾವಣೆಗಳು ಇನ್ನೂ ಗ್ರಾಮ ಪಂಚಾಯಿತಿಯಲ್ಲೇ ಇವೆ, ಅಲ್ಲಿ ಪಿಡಿಒ ಮತ್ತು ಗ್ರಾಮಸಭೆ.

ಕೋಳಿ ಬಗ್ಗೆ ನಿಮ್ಮಲ್ಲಿ ನಿಜವಾಗಿ ಯಾವ ಬೈಲಾ (ಸ್ಥಳೀಯ ಸಂಸ್ಥೆಯ ಉಪನಿಯಮ) ಇದೆ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಕಥೆ ಬೇಡ, ‘ಮನೆಯಲ್ಲಿ ಕೋಳಿ ಸಾಕುವ ಬಗ್ಗೆ ಇರುವ ಬೈಲಾ, ನಿರ್ಣಯಗಳ ಪ್ರತಿ ಕೊಡಿ’ ಎಂದಷ್ಟೇ ಬರೆಯಿರಿ. ನನಗೆ ಬಂದ ಉತ್ತರದಲ್ಲಿ ಕೋಳಿ ಸಾಕಬಾರದು ಎಂಬ ಮಾತೇ ಇರಲಿಲ್ಲ. ಸಾರ್ವಜನಿಕರಿಗೆ ತೊಂದರೆ ಆಗಬಾರದು ಎಂದಷ್ಟೇ ಇತ್ತು. ಅಲ್ಲಿಂದ ಮಾತಿನ ದಾರಿಯೇ ಬದಲಾಯಿತು. ತೊಂದರೆ ಆಗುತ್ತಿಲ್ಲ ಎಂದು ತೋರಿಸುವುದು ನನ್ನ ಕೆಲಸ, ಅಷ್ಟೇ.

ಹುಂಜ ಬಿಡಿ, ಪಕ್ಕದ ಮನೆಯವರನ್ನು ಹಿಡಿಯಿರಿ

ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸಬೇಕಾದರೆ ಮಾತ್ರ ಬೇಕು. ಇದು ಎಷ್ಟೋ ಜನರಿಗೆ, ವಾರ್ಡ್ ಸದಸ್ಯರಿಗೂ ಗೊತ್ತಿರುವುದಿಲ್ಲ. ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಹುಂಜ ಕೂಗುವುದು ನಾಲ್ಕಕ್ಕೆ. ಅದರ ಪರವಾಗಿ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನಮ್ಮ ಹುಂಜವನ್ನು ನಾಪೋಕ್ಲು ಕಡೆಯ ಅಣ್ಣನ ತೋಟಕ್ಕೆ ಕಳಿಸಿದೆ. ಮಗಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಅದೇ ಸರಿ ಎಂದು ಈಗಲೂ ಹೇಳುತ್ತೇನೆ.

ಆಮೇಲೆ ಸುತ್ತಲ ಮನೆಗಳಿಗೆ ನೀವೇ ಹೋಗಿ. ಮೊಟ್ಟೆ ಹಿಡಿದುಕೊಂಡು ಹೋಗುವ ಮೊದಲು ಖಾಲಿ ಕೈಯಲ್ಲಿ ಹೋಗಿ ಕೇಳಿಸಿಕೊಳ್ಳಿ. ಹಿಂದಿನ ಮನೆಯ ನಿವೃತ್ತ ಟೀಚರ್ ನನಗೆ ಹೇಳಿದ್ದು ಹೀಗೆ: ‘ನೋಡಮ್ಮ, ಕೋಳಿ ಇರಲಿ. ಬಟ್ಟೆ ಒಣಗಲು ಹಾಕುವ ಜಾಗಕ್ಕೆ ನೊಣ ಬರ್ತದೆ, ಅದೊಂದು ನಿಲ್ಲಿಸು.’ ಗೂಡು ಅವರ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿತ್ತು. ನಮ್ಮ ಅಡುಗೆ ಮನೆ ಕಡೆಗೆ ಸರಿಸಿದೆವು. ಮುಂದೆ ಅರ್ಜಿಗೆ ಮೊದಲ ಸಹಿ ಹಾಕಿದ್ದು ಅವರೇ.

ಮಳೆಗಾಲಕ್ಕೆ ಗೂಡು ಗೆಲ್ಲಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಕೊಡಗಿನಲ್ಲಿ ಎಲ್ಲ ಜಗಳ ಶುರುವಾಗುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಆರು ಕೋಳಿಗೆ ಅರ್ಧ ಕೆಜಿಗೂ ಮೇಲೆ. ಅದು ಒಣಗಿದ್ದರೆ ವಾಸನೆ ಕಡಿಮೆ. ಒದ್ದೆಯಾಯಿತೋ, ಅಮೋನಿಯಾ ಎದ್ದು ಕಣ್ಣುರಿ, ನೊಣ, ಹುಳ.

ಗೂಡು ನೆಲದಿಂದ ಎರಡು ಅಡಿ ಮೇಲೆ ಇರಲಿ. ಒಳಗೆ ಒಂದು ಕೋಳಿಗೆ ಕನಿಷ್ಠ ಎರಡು ಚದರ ಅಡಿ, ಓಡಾಡುವ ಜಾಗ ಬೇರೆ. ಗಾಳಿ ಹೊಡೆಯುವ ಕಡೆಗೆ ಸೂರು ಉದ್ದಕ್ಕೆ ಇಳಿಯಬೇಕು, ನಮ್ಮ ಕಡೆ ಮಳೆ ನೇರ ಬೀಳುವುದಿಲ್ಲ, ಅಡ್ಡಕ್ಕೆ ಬಡಿಯುತ್ತದೆ. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದು ಬೇಡ, ಮುಂಗುಸಿ, ಹಾವು ಎರಡೂ ನುಗ್ಗುತ್ತವೆ. ಒಳಗೆ ನಾಲ್ಕು ಇಂಚು ದಪ್ಪಕ್ಕೆ ಭತ್ತದ ಹೊಟ್ಟು ಅಥವಾ ಮರದ ಪುಡಿ. ದಿನಾ ಒಮ್ಮೆ ಕೆದಕಿ, ಆಗಾಗ ಸುಣ್ಣದ ಪುಡಿ ಉದುರಿಸಿ.

ಸರಿ ಇದೆಯೋ ಇಲ್ಲವೋ ನೋಡಲು ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿ ಬಿಗಿ ಮಾಡಿ, ಬಿಡಿ. ಉದುರಿ ಹೋದರೆ ಒಣಗಿದೆ. ಉಂಡೆಯಾಗಿ ಕೈಯಲ್ಲೇ ಕೂತರೆ ಆವತ್ತೇ ಬದಲಿಸಬೇಕು. ತೆಗೆದ ಹೊಟ್ಟನ್ನು ಹಸಿಯಾಗಿ ಗಿಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಕೊಳೆಸಿ, ಆಮೇಲೆ ಕಾಫಿಗೋ ಕರಿಮೆಣಸಿನ ಬಳ್ಳಿಗೋ ಹಾಕಿ.

ಆರೋಗ್ಯ ನಿರೀಕ್ಷಕರನ್ನು ನಾನು ಕರೆದದ್ದು ಕಕ್ಕಡ ತಿಂಗಳಲ್ಲಿ, ಜುಲೈ ಕೊನೆಗೆ, ಮೂರು ದಿನದಿಂದ ಬಿಡದೆ ಸುರಿಯುತ್ತಿದ್ದಾಗ. ಅವರು ಕೊಡೆ ಮಡಚಿ ಗೂಡಿನ ಬಾಗಿಲು ತೆಗೆದು ಬಗ್ಗಿ ಮೂಸಿದರು. ನಾನು ಒಂದು ಹಿಡಿ ಹೊಟ್ಟು ಅವರ ಅಂಗೈಗೆ ಕೊಟ್ಟೆ. ಬಿಗಿ ಮಾಡಿ ಬಿಟ್ಟರು, ಉದುರಿತು. ಬೇಸಿಗೆಯಲ್ಲಿ ಕರೆದಿದ್ದರೆ ಅವರ ವರದಿಗೆ ಈ ತೂಕ ಬರುತ್ತಿರಲಿಲ್ಲ.

ಅರ್ಜಿ, ಅದರ ಜೊತೆಗೆ ನಿಮ್ಮದೇ ಷರತ್ತು

‘ಕೋಳಿ ಸಾಕಲು ಬಿಡಿ’ ಎಂದು ಕೇಳಿದರೆ ಯಾರೂ ಸಹಿ ಹಾಕುವುದಿಲ್ಲ. ಲೆಕ್ಕ ಹಾಕಿ ಬರೆಯಿರಿ. ನಾನು ಬರೆದದ್ದು: ಒಂದು ಮನೆಗೆ ಹೆಚ್ಚೆಂದರೆ ಆರು ಹೇಂಟೆ, ಹುಂಜ ಇಲ್ಲ, ಮಾರಾಟ ಇಲ್ಲ, ಹಿತ್ತಲಲ್ಲಿ ಕೊಯ್ಯುವುದಿಲ್ಲ, ಬೀದಿಗೆ ಬಿಡುವುದಿಲ್ಲ, ಅಕ್ಕಪಕ್ಕದ ಮನೆಯ ಕಿಟಕಿಯಿಂದ ಇಷ್ಟು ಅಡಿ ದೂರ, ಒಂದು ವರ್ಷದ ಮಟ್ಟಿಗೆ ಮಾತ್ರ, ದೂರು ಸಾಬೀತಾದರೆ ರದ್ದು ಮಾಡಬಹುದು. ಗೂಡಿನ ನಕ್ಷೆ, ನೆರೆಯವರ ಸಹಿ, ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದ ಚೀಟಿ ಜೊತೆಗಿಟ್ಟೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಲೇಬೇಡಿ, ಒಂದು ಕೋಳಿಗೆ ಬಂದರೆ ಗೂಡೇ ಖಾಲಿ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರವಾದರೂ ಬೇರೆ ಇಡಿ. ಹೊಸದಾಗಿ ಶುರು ಮಾಡುವವರಿಗೆ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಒಳ್ಳೆಯದು, ನಾಟಿಯ ಹಾಗೆ ಮೇಯುತ್ತದೆ, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ.

ಹಕ್ಕಿಜ್ವರದ ಪ್ರಶ್ನೆ ಬಂದೇ ಬರುತ್ತದೆ. ನುಣುಚಿಕೊಳ್ಳಬೇಡಿ. ಎಲ್ಲಾದರೂ ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಮನೆ ಕೋಳಿ ಎಂದು ಬಿಡುವುದಿಲ್ಲ. ಪಶುಸಂಗೋಪನಾ ಇಲಾಖೆ ಹೇಳಿದ ದಿನವೇ ಕೋಳಿ ಒಪ್ಪಿಸುತ್ತೇವೆ, ಎಷ್ಟು ಕೋಳಿ ಎಲ್ಲಿವೆ ಎಂಬ ಪಟ್ಟಿ ನಿಮ್ಮ ಕಚೇರಿಯಲ್ಲೇ ಇರಲಿ ಎಂದು ಬರೆದುಕೊಟ್ಟೆ. ಕದ್ದು ಸಾಕುವುದಕ್ಕಿಂತ ಪಟ್ಟಿ ಇರುವುದು ಊರಿಗೆ ಒಳ್ಳೆಯದು ಅಲ್ವಾ? ಸಭೆಯಲ್ಲಿ ಸದಸ್ಯರನ್ನು ಒಪ್ಪಿಸಿದ್ದು ಈ ಮಾತೇ.

ಸಭೆಯವರೆಗೆ ತಳ್ಳುವುದು

ಬೈಲಾ ತಿದ್ದಿಸಲು ಹೊರಟರೆ ವರ್ಷಗಟ್ಟಲೆ ಆಗುತ್ತದೆ. ಮೊದಲು ಒಂದು ನಿರ್ಣಯ ಸಾಕು. ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ, ಕಾರ್ಯಸೂಚಿಗೆ ವಿಷಯ ಸೇರಿಸಲು ವಾರ್ಡ್ ಸದಸ್ಯರ ಪತ್ರ ಬೇಕು. ಒಬ್ಬರೇ ಹೋಗಬೇಡಿ. ನಾವು ಬೇರೆ ಬೇರೆ ವಾರ್ಡಿನ ಒಂಬತ್ತು ಮನೆಯವರು ಸೇರಿ ನಾಲ್ಕು ಸದಸ್ಯರನ್ನು ಭೇಟಿ ಮಾಡಿದೆವು. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಗೇ ಅರ್ಜಿ ಕೊಡಿ. ಚುನಾವಣಾ ನೀತಿ ಸಂಹಿತೆ ಇರುವಾಗ ಅಲೆದು ಸಮಯ ಹಾಳು ಮಾಡಬೇಡಿ. ಪಂಚಾಯಿತಿಯಾದರೆ ವಾರ್ಡ್ ಸಭೆಯಲ್ಲಿ ಎದ್ದು ಮಾತಾಡಿ, ಹೇಳಿದ್ದು ಪುಸ್ತಕದಲ್ಲಿ ಬರೆದರೇ ಎಂದು ಅಲ್ಲೇ ನೋಡಿಕೊಂಡು ಬನ್ನಿ.

ನಮ್ಮದು ಎರಡು ಸಭೆಯಲ್ಲಿ ಮುಂದಕ್ಕೆ ಹೋಯಿತು, ಮೂರನೆಯದರಲ್ಲಿ ಒಪ್ಪಿಗೆಯಾಯಿತು. ಒಪ್ಪಿಗೆ ಆಯಿತು ಎಂದು ಫೋನಿನಲ್ಲಿ ಹೇಳಿದರೆ ನಂಬಿ ಕೂರಬೇಡಿ, ನಡಾವಳಿಯ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ನನ್ನದು ಗೂಡಿನ ಪಕ್ಕದ ಗೋಡೆ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ತೂಗಿದೆ, ಅವಧಿ ಮುಗಿಯುವ ತಾರೀಕಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ನವೀಕರಣದ ಅರ್ಜಿಯನ್ನು ಅದಕ್ಕಿಂತ ಎರಡು ತಿಂಗಳು ಮೊದಲೇ ಕೊಡಬೇಕು.