ವಿಡಿಯೊ ತಡವರಿಸಿದಾಗ ನಾನು ಎಲ್ಲಿ ಹುಡುಕುತ್ತೇನೆ

ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ನಿಂತು ನಿಂತು ಓಡಿದರೆ ಹೆಚ್ಚಿನವರು ಮೊದಲು ಮಾಡುವುದು ಇನ್ನೊಂದು ಪ್ಲೇಯರ್ ಹಾಕುವ ಕೆಲಸ. ಅದರಲ್ಲೂ ಆಗದಿದ್ದರೆ ಮೂರನೆಯದು, ಜೊತೆಗೊಂದು ಕೋಡೆಕ್ ಪ್ಯಾಕ್ (ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸಿಡುವ, ಮತ್ತೆ ಬಿಡಿಸುವ ವಿಧಾನ). ನಾನು ಇದನ್ನು ಉಲ್ಟಾ ಮಾಡುತ್ತೇನೆ. ಮೊದಲು ಫೈಲಿನೊಳಗೆ ಏನಿದೆ ಎಂದು ನೋಡುತ್ತೇನೆ. ಆಮೇಲೆ ಅದನ್ನು ಡಿಕೋಡ್ ಮಾಡುತ್ತಿರುವುದು, ಅಂದರೆ ಬಿಡಿಸಿ ಚಿತ್ರವಾಗಿಸುತ್ತಿರುವುದು, ಪ್ರೊಸೆಸರೋ ಗ್ರಾಫಿಕ್ಸ್ ಚಿಪ್ಪೋ ಎಂದು ನೋಡುತ್ತೇನೆ. ಪ್ಲೇಯರ್ ಬದಲಿಸುವ ಮಾತು ಕೊನೆಗೆ.

ಎಂಪಿ4, ಎಂಕೆವಿ, ಎವಿಐ ಇವೆಲ್ಲ ಬರೀ ಕಂಟೇನರ್‌ಗಳು, ವಿಡಿಯೊ, ಆಡಿಯೊ ತುಂಬಿಡುವ ಡಬ್ಬಿಗಳು. ಒಂದು ಎಂಕೆವಿ ಫೈಲಿನೊಳಗೆ 2003ರ ಎಚ್.264 ಕೋಡೆಕ್ ಇರಬಹುದು, 2013ರ ಎಚ್‌ಇವಿಸಿ ಇರಬಹುದು, 2018ರ ಎವಿ1 ಕೂಡ ಇರಬಹುದು. ಹಾಗಾಗಿ ‘ಎಂಕೆವಿ ನನ್ನ ಸಿಸ್ಟಮ್‌ಗೆ ಆಗಿಬರಲ್ಲ’ ಅನ್ನುವುದರಿಂದ ಏನೂ ತಿಳಿಯದು. ಒಳಗಿರುವುದು ಏನೆಂದು ಹೇಳಲು ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಫೈಲನ್ನು ಅದರ ಮೇಲೆ ಎಳೆದು ಬಿಟ್ಟು, ವ್ಯೂ ಮೆನುವಿನಲ್ಲಿ ಟ್ರೀ ಆರಿಸಿ. ಉದ್ದದ ಪಟ್ಟಿ ಬರುತ್ತದೆ, ಆದರೆ ಓದಬೇಕಾದ್ದು ನಾಲ್ಕೈದು ಸಾಲು ಮಾತ್ರ: ಫಾರ್ಮ್ಯಾಟ್, ಫಾರ್ಮ್ಯಾಟ್ ಪ್ರೊಫೈಲ್, ಬಿಟ್ ಡೆಪ್ತ್, ಬಿಟ್ ರೇಟ್, ಸ್ಕ್ಯಾನ್ ಟೈಪ್.

ಇವುಗಳಲ್ಲಿ ಜನ ಬಿಟ್ಟೇಬಿಡುವ ಸಾಲು ಬಿಟ್ ಡೆಪ್ತ್, ಅಂದರೆ ಬಣ್ಣದ ಮಾಹಿತಿಗೆ ಎಷ್ಟು ಬಿಟ್ ಎಂಬುದು. ಹಳೆಯ ಕಂಪ್ಯೂಟರುಗಳಲ್ಲಿ ಗೋಳು ಶುರುವಾಗುವುದೇ ಅಲ್ಲಿ. ಇಂಟೆಲ್ ಪ್ರೊಸೆಸರುಗಳಲ್ಲಿ ಎಚ್‌ಇವಿಸಿ 8 ಬಿಟ್ ಅನ್ನು ಹಾರ್ಡ್‌ವೇರಿನಲ್ಲೇ ಪೂರ್ತಿ ಡಿಕೋಡ್ ಮಾಡುವ ಸೌಲಭ್ಯ ಬಂದದ್ದು ಆರನೇ ತಲೆಮಾರಿನಲ್ಲಿ, 10 ಬಿಟ್ ಬಂದದ್ದು ಏಳನೆಯದರಲ್ಲಿ, ಎವಿ1 ಬಂದದ್ದು ಹನ್ನೊಂದನೆಯದರಲ್ಲಿ. ಅಂದರೆ ನಾಲ್ಕನೇ ತಲೆಮಾರಿನ ಐ3 ಎಚ್.264ರ 1080ಪಿ ವಿಡಿಯೊವನ್ನು ಸಲೀಸಾಗಿ ಓಡಿಸುತ್ತದೆ, ಅದೇ ಎಚ್‌ಇವಿಸಿ ಮೇನ್ 10 ಪ್ರೊಫೈಲಿನ 4ಕೆ ಫೈಲ್ ಎದುರಾದರೆ ಏದುಸಿರು ಬಿಡುತ್ತದೆ. ಇನ್ನೊಂದು ಬಲೆ ಎಚ್.264ರಲ್ಲೇ ಇದೆ: ಅದರ ಹೈ 10 ಪ್ರೊಫೈಲ್. ‘ಎಚ್.264 ತಾನೇ, ಓಡಬೇಕಲ್ಲ’ ಅನ್ನಿಸುತ್ತದೆ. ಆದರೆ ಹೆಚ್ಚಿನ ಗ್ರಾಫಿಕ್ಸ್ ಚಿಪ್‌ಗಳು ಅದನ್ನು ಮುಟ್ಟುವುದೇ ಇಲ್ಲ, ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ.

ಹೊರೆ ಯಾರ ಮೇಲಿದೆ ಎಂದು ಊಹಿಸುತ್ತ ಕೂರಬೇಕಿಲ್ಲ. ವಿಡಿಯೊ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಆರಿಸಿದರೆ ವಿಡಿಯೊ ಡಿಕೋಡ್ ಎಂಬ ಪುಟ್ಟ ಗ್ರಾಫ್ ಇರುತ್ತದೆ (ಕೆಲವು ಕಾರ್ಡುಗಳಲ್ಲಿ ಅದರ ಹೆಸರು ವಿಡಿಯೊ ಕೋಡೆಕ್). ಆ ಗೆರೆ ಮೇಲೆದ್ದಿದ್ದು ಸಿಪಿಯು (ಪ್ರೊಸೆಸರ್) ತಣ್ಣಗಿದ್ದರೆ ಹಾರ್ಡ್‌ವೇರ್ ಕೆಲಸ ಮಾಡುತ್ತಿದೆ. ಗೆರೆ ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ಶೇ 90 ದಾಟಿದ್ದರೆ ರೋಗ ಸಿಕ್ಕಿತು. ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ತೀರ ಹಳೆಯದಾದರೆ ಜಿಪಿಯು ಭಾಗವೇ ಕಾಣಿಸುವುದಿಲ್ಲ. ಆಗ ಕಂಪ್ಯೂಟರ್ ತಯಾರಕರ ಇಲ್ಲವೇ ಚಿಪ್ ತಯಾರಕರ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಬೇಕು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್’ ಎಂದು ಆಸೆ ತೋರಿಸುವ ಸಾಫ್ಟ್‌ವೇರುಗಳನ್ನು, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಕ್ಲೀನರುಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ. ರಿಜಿಸ್ಟ್ರಿ ಗುಡಿಸಿದ್ದಕ್ಕೆ ವಿಡಿಯೊ ಸರಾಗವಾದದ್ದು ನಾನಂತೂ ಕಂಡಿಲ್ಲ.

ವಿಎಲ್‌ಸಿ ಪ್ಲೇಯರಿನಲ್ಲಿ ಕಂಟ್ರೋಲ್ ಜೊತೆ ಪಿ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ. ಅಲ್ಲಿ ಇನ್‌ಪುಟ್/ಕೋಡೆಕ್ಸ್ ಭಾಗದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಟೊಮ್ಯಾಟಿಕ್ ಇರಲಿ. ಚಿತ್ರ ಹಸಿರಾಗಿ ಬಂದರೆ, ಚೌಕ ಚೌಕವಾಗಿ ಒಡೆದರೆ, ಡಿಸೇಬಲ್ ಮಾಡಿ ನೋಡಿ. ಸರಿಹೋದರೆ ತಪ್ಪು ಡ್ರೈವರಿನದು. ಚಿಪ್ಪಿಗೆ ಆ ಕೋಡೆಕ್ ಬಾರದೇ ಇದ್ದರೆ ಮಾತ್ರ ಪ್ಲೇಯರ್ ಬದಲಿಸಿ ನೋಡುತ್ತೇನೆ. ಎಂಪಿವಿ, ಇಲ್ಲವೇ ಎಲ್‌ಎವಿ ಫಿಲ್ಟರ್ಸ್ ಇರುವ ಎಂಪಿಸಿ-ಎಚ್‌ಸಿ ದುರ್ಬಲ ಪ್ರೊಸೆಸರಿನಲ್ಲಿ ಕೆಲವೊಮ್ಮೆ ಸ್ವಲ್ಪ ಹಗುರಾಗಿ ಓಡುತ್ತವೆ. ಆ ಸ್ವಲ್ಪವೇ ಸಾಕಾಗುವುದುಂಟು. ಸಾಲದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರಿನಲ್ಲಿ ಫಾಸ್ಟ್ 1080ಪಿ30 ಪ್ರೀಸೆಟ್ ಹಾಕಿ ಒಮ್ಮೆ ಎಚ್.264ಕ್ಕೆ ಬದಲಿಸಿಕೊಳ್ಳುವುದೇ ನೆಮ್ಮದಿ. ಹಳೆಯ ಯಂತ್ರದಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗುವುದು.

ಯೂಟ್ಯೂಬ್ ಮಾತ್ರ ತಡವರಿಸುತ್ತಿದ್ದರೂ ಕಾರಣ ಇದೇ ಜಾತಿಯದು. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದರೆ ಯಾವ ಕೋಡೆಕ್ ಬರುತ್ತಿದೆ ಎಂದು ಕಾಣುತ್ತದೆ. ವಿಪಿ9 ಅಥವಾ ಎವಿ1 ಬರುತ್ತಿದ್ದು ಚಿಪ್ ಹಳೆಯದಾದರೆ, ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಎಚ್.264ನ್ನೇ ಕೇಳಿ ತರಿಸುತ್ತದೆ. 1080ಪಿಗಿಂತ ಮೇಲಿನದು ಆಗ ಸಿಗುವುದಿಲ್ಲ. ಇಂಥ ಯಂತ್ರಕ್ಕೆ ಅದು ಬೇಕೂ ಇಲ್ಲ.

ತಡವರಿಕೆ ಪ್ರತಿ ಸಲ ಒಂದೇ ಜಾಗದಲ್ಲಿ ಬರುತ್ತದೆಯೋ ಎಲ್ಲೆಂದರಲ್ಲಿ ಬರುತ್ತದೆಯೋ ಗಮನಿಸಿ. ಒಂದೇ ಜಾಗದಲ್ಲಾದರೆ ಫೈಲ್ ಕೆಟ್ಟಿರಬಹುದು ಅಥವಾ ಡಿಸ್ಕ್ ಕೆಡುತ್ತಿರಬಹುದು. ಆ ಫೈಲನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಕಾಪಿ ನಡುವೆ ಮುಗ್ಗರಿಸಿದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ರೀಅಲೊಕೇಟೆಡ್ ಸೆಕ್ಟರ್ಸ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ ಸಾಲುಗಳನ್ನು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ವಿಡಿಯೊ ನೋಡುವುದು ಆಮೇಲೆ, ಮೊದಲು ಬ್ಯಾಕಪ್. ‘ಪೆನ್‌ಡ್ರೈವ್ ಸ್ಲೋ, ಅದಕ್ಕೇ ನಿಲ್ಲುತ್ತಿದೆ’ ಎಂಬ ಮಾತು ಮಾತ್ರ ಸಾಮಾನ್ಯವಾಗಿ ಸುಳ್ಳು. ಸೆಕೆಂಡಿಗೆ 10 ಮೆಗಾಬಿಟ್‌ನ ವಿಡಿಯೊಗೆ ಬೇಕಾದ್ದು 1.25 ಮೆಗಾಬೈಟ್. ಯುಎಸ್‌ಬಿ 2 ಪೆನ್‌ಡ್ರೈವ್ ಕೂಡ ಓದುವಾಗ ಅದರ ಹಲವು ಪಟ್ಟು ಕೊಡುತ್ತದೆ.

ಪೆನ್‌ಡ್ರೈವ್‌ನಿಂದ ಟಿವಿಗೆ ಹಾಕುವಾಗ ಬರುವ ತೊಂದರೆಗಳೇ ಬೇರೆ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಟಿವಿ ಒಪ್ಪಿದರೆ ಎಕ್ಸ್‌ಫ್ಯಾಟ್ ಮಾಡಿ, ಇಲ್ಲವಾದರೆ ಎಂಕೆವಿಟೂಲ್‌ನಿಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಗಾತ್ರ ಕೊಟ್ಟು ತುಂಡು ಮಾಡಿ. ಚಿತ್ರ ಬಂದು ಸದ್ದು ಬರದಿದ್ದರೆ ಆಡಿಯೊ ಟಿವಿಗೆ ಬಾರದ ಡಿಟಿಎಸ್ ಕೋಡೆಕ್‌ನಲ್ಲಿ ಇರುವ ಸಂಭವ ಹೆಚ್ಚು. ಅದಕ್ಕಾಗಿ ಇಡೀ ವಿಡಿಯೊ ಕನ್ವರ್ಟ್ ಮಾಡಬೇಡಿ. ಎವಿಡೆಮಕ್ಸ್ ಎಂಬ ಎಡಿಟರಿನ ಎಡಗಡೆಯಲ್ಲಿ ವಿಡಿಯೊ ಔಟ್‌ಪುಟ್ ಕಾಪಿ ಎಂದೇ ಬಿಟ್ಟು, ಆಡಿಯೊ ಔಟ್‌ಪುಟ್ ಮಾತ್ರ ಎಎಸಿ ಮಾಡಿ ಸೇವ್ ಮಾಡಿದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ.

ಕನ್ನಡ ಸಬ್‌ಟೈಟಲ್‌ನದು ಎರಡು ಬಗೆಯ ರಗಳೆ. ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ ಫಾಂಟ್ ಸಿಕ್ಕಿಲ್ಲ ಎಂದರ್ಥ. ವಿಎಲ್‌ಸಿ ಪ್ರಿಫರೆನ್ಸಸ್‌ನ ಸಬ್‌ಟೈಟಲ್ಸ್ ಭಾಗದಲ್ಲಿ ಫಾಂಟ್ ನಿರ್ಮಲಾ ಯುಐ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟು, ಸೇವ್ ಮಾಡಿ, ಪ್ಲೇಯರ್ ಮುಚ್ಚಿ ತೆರೆಯಿರಿ. ಚೌಕದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಎರಡು ಸಾಧ್ಯತೆ. ಒಂದು, ಯೂನಿಕೋಡ್ ಫೈಲನ್ನೇ ಪ್ಲೇಯರ್ ಬೇರೆ ಎನ್‌ಕೋಡಿಂಗ್‌ನಲ್ಲಿ ಓದುತ್ತಿದೆ. ಮೇಲಿನ ಸೆಟ್ಟಿಂಗ್ ಅದನ್ನು ಸರಿಮಾಡುತ್ತದೆ. ಇನ್ನೊಂದು, ಫೈಲನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಲಾಗಿದೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಲೇಬೇಕು. ಮಾಡುವಾಗ ಸಾಲುಗಳ ನಡುವಿನ ಸಮಯದ ಅಂಕಿಗಳು ಕೆಡದಂತೆ ನೋಡಿಕೊಳ್ಳಿ. ಕೆಲವು ಪರಿವರ್ತಕಗಳು ಅವನ್ನೂ ಕನ್ನಡ ಅಂಕಿ ಮಾಡಿಬಿಡುತ್ತವೆ, ಆಗ ಸಬ್‌ಟೈಟಲ್ ಬರುವುದೇ ಇಲ್ಲ.

ಮಾತಿಗೂ ಸಬ್‌ಟೈಟಲ್‌ಗೂ ತಾಳೆಯಾಗದಿದ್ದರೆ ಆರಂಭದಲ್ಲಿ ಎಷ್ಟು ವ್ಯತ್ಯಾಸವಿದೆ, ಕೊನೆಯಲ್ಲಿ ಎಷ್ಟಿದೆ ನೋಡಿ. ಎರಡೂ ಕಡೆ ಒಂದೇ ಆದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿಗಳಿಂದ ಹಿಂದೆಮುಂದೆ ಮಾಡಿದರೆ ಮುಗಿಯಿತು. ಬರಬರುತ್ತ ಹೆಚ್ಚಿದರೆ ಫ್ರೇಮ್ ರೇಟ್ ಬೇರೆ. 25 ಫ್ರೇಮಿನ ಪ್ರತಿಗೆ ಮಾಡಿದ ಸಬ್‌ಟೈಟಲ್ 23.976ರ ಪ್ರತಿಯಲ್ಲಿ ಗಂಟೆಗೆ ಸುಮಾರು ಎರಡೂವರೆ ನಿಮಿಷ ಜಾರುತ್ತದೆ. ಸಬ್‌ಟೈಟಲ್ ಎಡಿಟ್ ಸಾಫ್ಟ್‌ವೇರಿನಲ್ಲಿ ಚೇಂಜ್ ಫ್ರೇಮ್ ರೇಟ್ ಎಂಬಲ್ಲಿ ಈ ಎರಡು ಸಂಖ್ಯೆ ಕೊಟ್ಟರೆ ಕೂಡಿಕೊಳ್ಳುತ್ತದೆ.

ಇನ್ನು ಮದುವೆ, ಗೃಹಪ್ರವೇಶದ ಹಳೆಯ ಸಿಡಿಗಳು. ಗಾಡ್ರೇಜ್ ಬೀರುವಿನಲ್ಲಿ ಇಪ್ಪತ್ತು ವರ್ಷ ಕೂತ ಇವುಗಳಿಗೆ ಅವಸರ ಪಟ್ಟರೆ ಕಳೆದುಕೊಳ್ಳುತ್ತೀರಿ. ವಿಸಿಡಿಯಲ್ಲಿ (ವಿಡಿಯೊ ಸಿಡಿ) ವಿಡಿಯೊ ಇರುವುದು ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲಿನಲ್ಲಿ: 352 ಗುಣಿಸು 288 ಪಿಕ್ಸೆಲ್, ಎಂಪೆಗ್-1. 700 ಎಂಬಿ ಸಿಡಿಯಲ್ಲಿ ವಿಸಿಡಿಯಾದರೆ ಸುಮಾರು 800 ಎಂಬಿ ಹಿಡಿಸುವುದು ಹೇಗೆ ಗೊತ್ತೇ? ಸಾಮಾನ್ಯ ಡೇಟಾ ಸಿಡಿಯಲ್ಲಿ ದೋಷ ತಿದ್ದಲು ಮೀಸಲಿಟ್ಟ ಜಾಗವನ್ನೂ ಇಲ್ಲಿ ವಿಡಿಯೊಗೇ ಕೊಟ್ಟಿರುತ್ತಾರೆ. ಆದ್ದರಿಂದಲೇ ಒಂದು ಗೀರಿಗೇ ವಿಂಡೋಸ್ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದು ಕಾಪಿ ನಿಲ್ಲಿಸಿಬಿಡುತ್ತದೆ.

ಒರೆಸುವಾಗ ಮೆತ್ತನೆಯ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ಸುತ್ತ ತಿಕ್ಕಬೇಡಿ. ಸಿಡಿಯ ಡೇಟಾ ಪದರ ಇರುವುದು ಲೇಬಲ್ ಬದಿಯ ಬಣ್ಣದ ಅಡಿಯಲ್ಲೇ. ಸ್ಟುಡಿಯೊದವರು ವಧೂವರರ ಫೋಟೊ ಹಾಕಿ ಅಂಟಿಸಿದ ಸ್ಟಿಕರ್ ಕಿತ್ತರೆ ಪದರವೂ ಎದ್ದು ಬರುತ್ತದೆ, ಹಾಗಾಗಿ ಅದನ್ನು ಮುಟ್ಟಬೇಡಿ. ಓದದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಓದುವುದು ತೀರ ಸಾಮಾನ್ಯ. ಅದರ ಮೇಲೂ ಆಗದಿದ್ದರೆ ಕೆಟ್ಟ ಡಿಸ್ಕಿನಿಂದ ಫೈಲ್ ತೆಗೆಯುವ ಐಸೊಬಸ್ಟರ್‌ನಲ್ಲಿ ಡ್ಯಾಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಂಪೆಗ್ ಫ್ರೇಮುಗಳನ್ನಷ್ಟೇ ಸೋಸಿ ತೆಗೆಯುವ ಆಯ್ಕೆ ಬಳಸುತ್ತೇನೆ. ಕೆಟ್ಟ ಸೆಕ್ಟರ್ ಬಂದಾಗ ಅದು ಕೇಳುತ್ತದೆ, ಖಾಲಿ ತುಂಬಿ ಮುಂದೆ ಹೋಗಲು ಹೇಳಬೇಕು. ಧಾರೆಯ ನಡುವೆ ಅರೆಕ್ಷಣ ಚಿತ್ರ ಒಡೆದೀತು, ಉಳಿದದ್ದು ಸಿಗುತ್ತದೆ.

ಡಿವಿಡಿಯಾದರೆ ವಿಡಿಯೊ 1 ಜಿಬಿಯೊಳಗಿನ ವಿಒಬಿ ತುಂಡುಗಳಲ್ಲಿರುತ್ತದೆ. ಮೇಕ್‌ಎಂಕೆವಿ ಅವನ್ನು ರೀ-ಎನ್‌ಕೋಡ್ ಮಾಡದೆ ಒಂದೇ ಫೈಲಾಗಿ ಕೂಡಿಸುತ್ತದೆ. ನೋಡುವಾಗ ಕೈ ಬೀಸಿದ ಕಡೆ, ಸೆರಗು ಹಾರಿದ ಕಡೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದು ಇಂಟರ್‌ಲೇಸ್, ಅಂದರೆ ಪ್ರತಿ ಫ್ರೇಮನ್ನು ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಸಲಕ್ಕೆ ತೆಗೆದ ಚಿತ್ರ. ಬರೀ ನೋಡುವುದಕ್ಕಾದರೆ ವಿಎಲ್‌ಸಿಯಲ್ಲಿ ಡಿ ಒತ್ತಿದರೆ ಸಾಕು. ಫೋನಿಗೆ ಕಳಿಸಬೇಕಾದರೆ ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್ ಯಾಡಿಫ್, ಪ್ರೀಸೆಟ್ ಬಾಬ್, ಫ್ರೇಮ್ ರೇಟ್ 50, ಗುಣಮಟ್ಟದ ಅಂಕಿ ಆರ್‌ಎಫ್ 18ರಿಂದ 20 ಇಟ್ಟುಕೊಳ್ಳುತ್ತೇನೆ. ಬಾಬ್ ಹಾಕದಿದ್ದರೆ 25 ಫ್ರೇಮಷ್ಟೇ ಉಳಿದು, ಮೆರವಣಿಗೆಯ ಕುಣಿತದಂಥ ವೇಗದ ಚಲನೆ ಕುಲುಕಿದಂತೆ ಕಾಣುತ್ತದೆ. ವಿಸಿಡಿಗೆ ಈ ಯಾವುದೂ ಬೇಡ. ಎಂಪೆಗ್-1ರಲ್ಲಿ ಇಂಟರ್‌ಲೇಸ್ ಇಲ್ಲ, ಅಷ್ಟು ಚಿಕ್ಕ ಚಿತ್ರವನ್ನು 1080ಪಿಗೆ ಹಿಗ್ಗಿಸಿದರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಮುಖಗಳು ತಿಳಿಯಾಗುವುದಿಲ್ಲ.

ಕನ್ವರ್ಟ್ ಆದ ಮೇಲೆ ಆರಂಭವನ್ನಷ್ಟೇ ನೋಡಿ ಒಪ್ಪಬೇಡಿ. ಕೊನೆಯ ಐದು ನಿಮಿಷಕ್ಕೆ ಹಾರಿ, ಮಂತ್ರಕ್ಕೂ ತುಟಿಗೂ ತಾಳೆಯಿದೆಯೇ ನೋಡಿ. ಆಡಿಯೊ ಜಾರುವುದು ಗೊತ್ತಾಗುವುದು ಅಲ್ಲಿ. ಸಿಡಿಯಿಂದ ತೆಗೆದ ಮೂಲ ಫೈಲನ್ನು ಅಳಿಸಬೇಡಿ. ಒಂದಕ್ಕೆ 800 ಎಂಬಿ, 1 ಟಿಬಿ ಡಿಸ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಸಿಡಿ ಹಿಡಿಸುತ್ತದೆ.