ಸ್ಕೂಬಾ ಸಲಕರಣೆ ಕೊಳ್ಳುವ ಮುನ್ನ: ಬೆಲೆ ಯಾವುದಕ್ಕೆ, ಹಣ ಎಲ್ಲಿ ಹಾಕಬೇಕು

ಚಿಕ್ಕಮಗಳೂರಿನಿಂದ ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಗಾಳಿಯ ಸಿಲಿಂಡರ್ ಹೊತ್ತು ಒಮ್ಮೆ ನೀರಿಗಿಳಿದು ಬಂದ ಸ್ನೇಹಿತರಲ್ಲಿ ಹಲವರು ಸ್ವಂತ ಸಲಕರಣೆಯ ಬೆಲೆ ವಿಚಾರಿಸುತ್ತಾರೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುವಂತೆ ಹದಗೊಳಿಸಿ ಕೊಡುವ ಅಂಗೈಯಗಲದ ರೆಗ್ಯುಲೇಟರ್‌ಗೆ ಇಷ್ಟೊಂದು ಹಣವೇ ಎಂದು ಬೆರಗಾಗುತ್ತಾರೆ. ಆ ಹಣ ಯಾವುದಕ್ಕೆ ಹೋಗುತ್ತದೆ ಎಂದು ತಿಳಿದರೆ, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದೂ ತಿಳಿಯುತ್ತದೆ.

ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ಹಿಡಿಸುವ ಗಾಳಿಯ ಒತ್ತಡ ಸುಮಾರು 32 ಪಿಎಸ್‌ಐ. ತುಂಬಿದ ಡೈವಿಂಗ್ ಸಿಲಿಂಡರ್‌ನಲ್ಲಿ ಅದು ಸುಮಾರು 3,000. ರೆಗ್ಯುಲೇಟರಿನ ಮೊದಲ ಹಂತವು ಇದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್‌ನಷ್ಟೇ (ಸುಮಾರು 130–145 ಪಿಎಸ್‌ಐ) ಹೆಚ್ಚಿರುವಂತೆ ತಗ್ಗಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಅದನ್ನು ನೀರಿನ ಒತ್ತಡಕ್ಕೇ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ, 30 ಮೀಟರ್‌ನಲ್ಲಿ ನಾಲ್ಕರಷ್ಟು. ಆಳ ಹೆಚ್ಚಿದರೂ ಸಿಲಿಂಡರ್ ಬರಿದಾಗುತ್ತ ಬಂದರೂ ಉಸಿರು ಭಾರವಾಗಬಾರದು ಎಂಬ ಕಾರಣಕ್ಕೆ ಹಿತ್ತಾಳೆಯನ್ನು ಅತಿ ಸೂಕ್ಷ್ಮ ಅಳತೆಗೆ ಕಡೆದು, ಸಮುದ್ರದ ಉಪ್ಪು ತಿನ್ನದಂತೆ ಕ್ರೋಮ್ ಲೇಪಿಸುತ್ತಾರೆ. ಎರಡನೆಯ ಹಂತದ ಕವಾಟವನ್ನು ಸಾಮಾನ್ಯವಾಗಿ, ಕೆಟ್ಟರೂ ಗಾಳಿ ನಿಲ್ಲದೆ ಹರಿದುಕೊಂಡೇ ಇರುವಂತೆ ರೂಪಿಸಿರುತ್ತಾರೆ. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವ ಯಂತ್ರಕ್ಕೆ ಜೋಡಿಸಿ ರೆಗ್ಯುಲೇಟರನ್ನು ಪರೀಕ್ಷಿಸಬೇಕು. ನಾವು ದುಡ್ಡು ಕೊಡುವುದು ಮುಖ್ಯವಾಗಿ ಈ ಭರವಸೆಗೆ; ಇಲ್ಲಿ ಚೌಕಾಸಿ ಸಲ್ಲದು.

ಇನ್ನು, ಇದು ಮಿಕ್ಸಿಯಂತೆ ಮನೆಮನೆಗೂ ಮಾರಾಟವಾಗುವ ಸರಕಲ್ಲ. ಅಚ್ಚು, ಪರೀಕ್ಷೆ, ಅವಘಡದ ಹೊಣೆಗಾಗಿ ಮಾಡಿಸುವ ವಿಮೆ ಇವುಗಳ ಖರ್ಚೆಲ್ಲ ಕೆಲವೇ ಗ್ರಾಹಕರ ಮೇಲೆ ಬೀಳುತ್ತದೆ. ನಮ್ಮಲ್ಲಿಗೆ ಬಹುಪಾಲು ಆಮದಾಗಿ ಬರುವುದರಿಂದ ಸಾಗಣೆ ಮತ್ತು ತೆರಿಗೆಯೂ ಸೇರುತ್ತವೆ. ಅಂಗಡಿಯವರು, ನೀರಿನಲ್ಲಿ ತೇಲುವುದನ್ನು ಹೊಂದಿಸಿಕೊಳ್ಳಲು ತೊಡುವ ಪ್ರತಿ ಜಾಕೆಟನ್ನೂ ಎಲ್ಲ ಅಳತೆಗಳಲ್ಲಿ ತರಿಸಿಟ್ಟು ತಿಂಗಳುಗಟ್ಟಲೆ ಕಾಯಬೇಕು.

ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಕೊಳ್ಳದೆ, ಮೊದಲು ಮಾಸ್ಕ್ ಕೊಳ್ಳಿರಿ. ಗಾಜು ಟೆಂಪರ್ಡ್ ಆಗಿರಲಿ, ಅಂಚು ಸಿಲಿಕೋನ್‌ನದಾಗಿರಲಿ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ ಎಂದರ್ಥ. ನಂತರ, ಆಳ ಮತ್ತು ಸಮಯ ಅಳೆದು ಇನ್ನೆಷ್ಟು ಹೊತ್ತು ಕೆಳಗಿರಬಹುದೆಂದು ತೋರಿಸುವ ಡೈವ್ ಕಂಪ್ಯೂಟರ್. ವರ್ಷಕ್ಕೆ ಹಲವು ಬಾರಿ ನೀರಿಗಿಳಿಯುವುದು ಖಚಿತವಾದ ಮೇಲಷ್ಟೇ ರೆಗ್ಯುಲೇಟರ್. ಸುಮಾರು 14 ಕಿಲೋ ತೂಗುವ ಅಲ್ಯೂಮಿನಿಯಂ ಸಿಲಿಂಡರನ್ನು ಘಟ್ಟದ ಮೇಲಿನವರು ಕೊಳ್ಳಬೇಕಾಗಿಯೇ ಇಲ್ಲ. ಡೈವಿಂಗ್ ನಡೆಸುವವರೇ ಕೊಡುತ್ತಾರೆ.

ರೆಗ್ಯುಲೇಟರ್ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದರ ಸರ್ವಿಸ್ ಎಲ್ಲಿ ಆಗುತ್ತದೆ, ಬಿಡಿಭಾಗಗಳು ದೇಶದಲ್ಲಿ ಸಿಗುತ್ತವೆಯೇ ಎಂಬುದು. ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅದನ್ನು ಬಿಚ್ಚಿ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳನ್ನು ಬದಲಿಸಲೇಬೇಕು. ಆ ಖರ್ಚನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ ಬೆಲೆಗೆ ಕೂಡಿಸಿದರೆ, ಅಗ್ಗವೆಂದು ಕಂಡದ್ದು ಎಷ್ಟೋ ಸಲ ದುಬಾರಿಯಾಗಿರುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಮೊದಲ ಹಂತದ ಬಾಯಲ್ಲಿರುವ ಪುಟ್ಟ ಲೋಹದ ಶೋಧಕವನ್ನು ಟಾರ್ಚ್ ಹಿಡಿದು ನೋಡಿರಿ. ನನಗೆ ಒಬ್ಬರು ಅರ್ಧ ಬೆಲೆಗೆ ಕೊಡಲು ತಂದಿದ್ದರಲ್ಲಿ ಅದು ತಾಮ್ರದ ಚೊಂಬಿನ ಕಿಲುಬಿನಂತೆ ಹಸಿರಾಗಿತ್ತು. ಉಪ್ಪುನೀರು ಒಳಗೆ ಹೊಕ್ಕಿದ್ದರ ಗುರುತು ಅದು, ನಾನು ಕೊಳ್ಳಲಿಲ್ಲ.

ಕೊಂಡ ಮೇಲೆ ನಮ್ಮ ಮಳೆಗಾಲದ್ದೇ ಚಿಂತೆ. ಸಮುದ್ರದಿಂದ ಬಂದ ದಿನವೇ ರೆಗ್ಯುಲೇಟರಿನ ಮೊದಲ ಹಂತದ ಬಾಯಿಗೆ ಮುಚ್ಚಳ ಬಿಗಿದು ಸಿಹಿನೀರಿನಲ್ಲಿ ನೆನೆಸಿ, ನೆರಳಲ್ಲಿ ಪೂರ್ತಿ ಒಣಗಿಸಿರಿ. ಜೂನ್ ತಿಂಗಳಿಂದ ಬಚ್ಚಲೊಲೆಯ ಹೊಗೆ ತಾಗದ, ಪಂಪಿನ ಮೋಟಾರಿನಿಂದ ದೂರವಾದ ಜಾಗದಲ್ಲಿಟ್ಟು, ಬೂಷ್ಟು ಹಿಡಿಯದಂತೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿಡಿರಿ. ಸರ್ವಿಸಿಗೆ ಕಳಿಸುವುದನ್ನೂ ಆ ತಿಂಗಳುಗಳಲ್ಲೇ ಮುಗಿಸಿದರೆ, ಮಳೆ ಕಳೆದು ದೋಣಿಗಳು ಮತ್ತೆ ನೇತ್ರಾಣಿಗೆ ಹೊರಡುವ ಹೊತ್ತಿಗೆ ಎಲ್ಲವೂ ಸಿದ್ಧವಿರುತ್ತದೆ.